ಕಾಳವ್ವನ ಪಾಲಿನ ಬಿಸುಪು

ಫೆಬ್ರವರಿ 30, 2219
ಇಕೆರ್ಸಾ ಪಟ್ಟಣ, ಗ್ರೀನ್‌ಲ್ಯಾಂಡಿನ ಪಡುವಣ ಕರಾವಳಿ

ಮಾತೃಸಮಾನರಾದ ನಾಗರತ್ನಜ್ಜಿಯವರಿಗೆ ಏಳನೆಯ ತಲೆಮಾರಿನ ಮೊಮ್ಮಗ ಮೌನೇಶನ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ಐದು ದಿನ ಯಾವ ತಿಂಗಳಿಗೂ ಸೇರದೆ ವರ್ಷದ ಕೊನೆಯಲ್ಲಿ ರಜೆಯಾಗಿ ಬರುತ್ತವೆ. ನನ್ನ ಕನ್ನಡದಲ್ಲಿ ನಿಮಗೆ ತಿಳಿಯದ ಮಾತು ಕೆಲವು ಇರುತ್ತವೆ, ಕ್ಷಮಿಸಿ. ಬಂದಲ್ಲೇ ಬಿಡಿಸಿ ಹೇಳುತ್ತೇನೆ. ಈ ಕಾಗದ ನಿಮ್ಮ ಕೈಸೇರುವುದಿಲ್ಲವೆಂದೂ ನನಗೆ ಗೊತ್ತು. ಆದರೆ ನಮ್ಮ ಮನೆತನದಲ್ಲಿ ಪರದೇಶದಲ್ಲಿ ಬಾಡಿಗೆ ಮನೆ ಹಿಡಿದವರಲ್ಲಿ ನೀವು ಮೊದಲಿಗರು, ನಾನು ಸದ್ಯಕ್ಕೆ ಕೊನೆಯವನು. ಗುಳೇದಗುಡ್ಡದಿಂದ ಮಸ್ಕತ್ತಿಗೆ ನರ್ಸಾಗಿ ಹೋದ ನೀವು, ಕರೆಂಟು ನೀರು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಕಾಗದಪತ್ರ ಹಿಡಿದು ಬಿಸಿಲಲ್ಲಿ ಓಡಾಡಿದ ಕತೆಯನ್ನು ನಮ್ಮ ಮನೆಯಲ್ಲಿ ಈಗಲೂ ಹೇಳುತ್ತಾರೆ. ಆಗ ನಿಮಗೆ ಮೂವತ್ತು ವರ್ಷವಂತೆ. ನನಗೆ ನಲವತ್ತೆರಡು. ಆದರೂ ಅಜ್ಜಿ ಎಂದೇ ಕರೆಯುತ್ತೇನೆ, ಬೇರೆ ಏನು ಕರೆಯಲಿ?

ನನ್ನದು ಕಲ್ಲುಕೆಲಸ. ಇಲ್ಲಿ ನೆಲದೊಳಗಿನ ಮಂಜುಗಡ್ಡೆ ಕರಗಿ ಗುಡ್ಡಗಳು ಜಾರುತ್ತವೆ. ಅವಕ್ಕೆ ಒತ್ತಾಸೆಯಾಗಿ ಗಾರೆಯಿಲ್ಲದ ಕಲ್ಲಿನ ಗೋಡೆ ಕಟ್ಟಲು ನಮ್ಮ ಕಡೆಯವರನ್ನು ಕರೆಸುತ್ತಾರೆ. ಐದು ವರ್ಷದ ಕರಾರಿನ ಮೇಲೆ ಕಳೆದ ಆಗಸ್ಟಿನಲ್ಲಿ ಬಂದೆ. ನನ್ನ ಹೆಂಡತಿ ಕಾಳವ್ವ ಊರಲ್ಲೇ ಉಳಿದಳು. ಆಕೆ ನೀರುಗಂಟಿ. ಕೆರೆಯ ತೂಬು ಎತ್ತಿ ಇಳಿಸಿ, ಮುನ್ನೂರು ಮನೆಗೆ ಸರದಿಯ ಪ್ರಕಾರ ನೀರು ಹಂಚುವವಳು. ಆ ಕೆಲಸಕ್ಕೆ ಇನ್ನೊಬ್ಬರು ಸಿಕ್ಕ ಕೂಡಲೇ ಆಕೆ ಹೊರಟು ಬರುತ್ತಾಳೆಂದು ನಾನು ನಂಬಿಕೊಂಡಿದ್ದೆ.

ಇಲ್ಲಿ ಬಾಡಿಗೆ ಮನೆ ಸಿಗುವುದು ಕಷ್ಟವಲ್ಲ, ಅದರೊಳಗೆ ಬದುಕುವ ಅನುಕೂಲ ಸಿಗುವುದು ಕಷ್ಟ. ನಿಮಗೆ ಕರೆಂಟು ಹೇಗೋ ನಮಗೆ ಬಿಸುಪು ಹಾಗೆ. ನೆಲದಾಳದ ಬಿಸಿನೀರು ಕೊಳವೆಗಳಲ್ಲಿ ಮನೆಮನೆಗೆ ಹರಿಯುತ್ತದೆ, ತಲೆಗೊಂದು ಪಾಲಿನಂತೆ. ಹೊರಗಿನವನ ಹೆಸರಿಗೆ ಪಾಲು ಬರೆಯಬೇಕಾದರೆ ಊರಿನವರೊಬ್ಬರು ಕಚೇರಿಗೆ ಬಂದು, ಇವನು ಸುಳ್ಳು ಹೇಳುವವನಲ್ಲ ಎಂದು ಎಲ್ಲರೆದುರು ಬಾಯಿಬಿಟ್ಟು ಹೇಳಬೇಕು. ಇದಕ್ಕೆ ಹೊಣೆಮಾತು ಎನ್ನುತ್ತಾರೆ. ನನ್ನ ಮನೆಯೊಡತಿ ಪಾನಿಂಗ್ವಾ, ಅದೇ ಕಟ್ಟಡದ ಇನ್ನೊಂದು ಮಗ್ಗುಲಲ್ಲಿ ವಾಸಿಸುವ ಎಪ್ಪತ್ತರ ಹೆಂಗಸು, ನನ್ನನ್ನು ಕಂಡು ಎರಡೇ ದಿನವಾಗಿದ್ದರೂ ಬಂದು ಹೇಳಿದಳು. ಎಷ್ಟು ತಲೆ ಎಂದು ಗುಮಾಸ್ತೆ ಕೇಳಿದಾಗ ನಾನು ಎರಡು ಎಂದೆ. ಕನ್ನಡ ಲಿಪಿಯಲ್ಲೇ ಬರೆಯಬಹುದು ಎಂದರು. ಮೌನೇಶ, ಕಾಳವ್ವ ಎಂದು ಒಂದರ ಕೆಳಗೊಂದು ಬರೆದೆ. ಹೊರಬರುವಾಗ ಎದೆ ಹಗುರಾಗಿತ್ತು.

ಬೆಳಕಿಗೆ ಬೇರೆ ಕಚೇರಿ. ನವೆಂಬರ್ ಕೊನೆಯಿಂದ ಏಳೆಂಟು ವಾರ ಇಲ್ಲಿ ಸೂರ್ಯ ಮೂಡುವುದಿಲ್ಲ. ಅದಕ್ಕೆ ಮನೆಯ ಚಾವಣಿಗೆ ಹಗಲುದೀಪ ಕೂರಿಸುತ್ತಾರೆ. ಯಾವ ಊರಿನ ಮಧ್ಯಾಹ್ನ ಬೇಕು ಎಂದು ಕೇಳಿ ಆ ಬಣ್ಣಕ್ಕೆ ಹೊಂದಿಸುತ್ತಾರೆ. ಗುಳೇದಗುಡ್ಡದ ಮಾರ್ಚ್ ತಿಂಗಳದ್ದು ಎಂದೆ. ದೀಪ ಹತ್ತಿದ ಮೊದಲ ದಿನ ಗೋಡೆಯ ಮೇಲೆ ಆ ಹಳದಿ ಬಿದ್ದಾಗ, ಹಂಚಿನ ಮೇಲೆ ಹಪ್ಪಳ ಒಣಹಾಕುವ ಕಾಳವ್ವನ ಕೈಗಳು ಕಂಡಂತಾಗಿ ಅಲ್ಲೇ ಕುಳಿತುಬಿಟ್ಟೆ.

ಇದಕ್ಕೆಲ್ಲ ನಾವು ದುಡಿಮೆಯಲ್ಲಿ ತೀರಿಸುತ್ತೇವೆ. ಒಂದು ಪಾಲಿಗೆ ವಾರಕ್ಕೆ ಅರ್ಧ ದಿನ ಊರಿನ ಮೆಟ್ಟಿಲುಗಳ ಮಂಜು ಎತ್ತಬೇಕು. ಮಂಗಳವಾರ ನನ್ನ ಪಾಲಿನದು, ಶುಕ್ರವಾರ ಕಾಳವ್ವನದು. ಶುಕ್ರವಾರದ ಮೆಟ್ಟಿಲು ನೂರ ಹದಿನೆಂಟು. ಬೆನ್ನು ಬಿಗಿದರೂ ಆ ದಿನ ಸಲಿಕೆ ಹಗುರವೆನಿಸುತ್ತಿತ್ತು, ಯಾಕೆಂದರೆ ಆಕೆಗಾಗಿ ಏನೋ ಒಂದು ಮಾಡುತ್ತಿದ್ದೆ.

ತೊಡಕು ಬಂದದ್ದು ಸಾಕ್ಷಿಯಿಂದ. ನೀವು ಮೀಟರ್ ಎನ್ನುವುದಕ್ಕೆ ನಾವು ಹಾಗೆನ್ನುತ್ತೇವೆ. ಗೋಡೆಯ ಮೇಲಿದ್ದು, ಮನೆಯಲ್ಲಿ ಎಷ್ಟು ಮೈಗಳಿವೆ ಎಂದು ಶಾಖದಿಂದ ಎಣಿಸಿ ಕಚೇರಿಗೆ ತಿಳಿಸುತ್ತದೆ. ಹೆಸರು ಬರೆಸಿದ ಒಂದು ತಿಂಗಳೊಳಗೆ ಎರಡನೆಯ ಮೈ ಬರದಿದ್ದರೆ ಪಾಲು ಹೋಗುತ್ತದೆ. ಮತ್ತೆ ಸಿಗಲು ಆರು ವರ್ಷ. ಕರಾರಿನ ಮೇಲೆ ಕೆಲಸಕ್ಕೆ ಬಂದವರನ್ನು ಬಿಟ್ಟರೆ, ಪಾಲಿಲ್ಲದವರನ್ನು ಹಡಗಿನಿಂದ ಇಳಿಯಲು ಬಿಡುವುದಿಲ್ಲ. ನನ್ನ ಕರಾರೋ ಐದು ವರ್ಷದ್ದು. ಲೆಕ್ಕ ಹಾಕಿ ನೋಡಿದೆ, ಅಜ್ಜಿ, ಆಮೇಲೆ ಮಾಡಬಾರದ್ದನ್ನು ಮಾಡಿದೆ. ಒಳಕೋಣೆಯ ಹಾಸಿಗೆಯ ಮೇಲೆ ಬಿಸಿನೀರಿನ ಕೊಡ ಮಲಗಿಸಿ ಕೌದಿ ಹೊದಿಸಿದೆ. ಸಾಕ್ಷಿ ಎರಡು ಎಂದು ತೋರಿಸಿತು. ಬೆಳಿಗ್ಗೆ ಸಂಜೆ ನೀರು ಬದಲಿಸುತ್ತಿದ್ದೆ. ಬರಬರುತ್ತ ಆ ಕೋಣೆಯ ಬಾಗಿಲನ್ನು ಮೆಲ್ಲಗೆ ತೆರೆಯುವುದು ರೂಢಿಯಾಯಿತು.

ಜನವರಿಯಲ್ಲಿ ಊರಿನ ದೊಡ್ಡ ಕೊಳವೆ ಬಿರುಕು ಬಿಟ್ಟಿತು. ದುರಸ್ತಿಯಾಗುವವರೆಗೆ ಹೊಸ ಪಾಲು ಯಾರಿಗೂ ಇಲ್ಲ ಎಂದು ಸಾರಿದರು. ಪಕ್ಕದ ಮನೆಯ ಆವಿಯಾಳಿಗೆ ಹೆರಿಗೆಯಾಗಿ ಎಂಟು ದಿನವಾಗಿತ್ತು. ಕೂಸಿನ ಹೆಸರು ಇನ್ನೂ ಪಟ್ಟಿಗೆ ಸೇರಿರಲಿಲ್ಲ. ಗಂಡ ಹೆಂಡತಿ ತಮ್ಮ ಬಿಸುಪನ್ನೆಲ್ಲ ಒಂದೇ ಕೋಣೆಗೆ ತಿರುಗಿಸಿದರೂ ಸಾಲಲಿಲ್ಲ. ಪಾನಿಂಗ್ವಾ ತನ್ನ ತೊಗಲಿನ ಹೊದಿಕೆಗಳನ್ನು ಹೊತ್ತು ಅಲ್ಲಿಗೆ ಹೋಗುವುದನ್ನು ಕಂಡೆ. ನಡುವೆ ಒಂದೇ ಗೋಡೆ. ಆ ಕಡೆ ಕೂಸು ಅಳುತ್ತಿತ್ತು, ಈ ಕಡೆ ಕೌದಿಯೊಳಗೆ ಕೊಡ ಬೆಚ್ಚಗಿತ್ತು.

ಮರುದಿನ ಮಧ್ಯಾಹ್ನ ಕಾಳವ್ವನಿಗೆ ಕರೆ ಮಾಡಿ ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ. "ನಾ ಬರ್ತೀನಂತ ಯಾವಾಗ ಹೇಳಿನ್ರಿ?" ಎಂದಳು.

"ಬರಂಗಿಲ್ಲಂತನೂ ಹೇಳಿಲ್ಲಲ್ಲ ನೀ," ಎಂದೆ.

"ಬರಂಗಿಲ್ಲ ಅಂದಿದ್ರ ನಿಮಗ ಅಲ್ಲೆ ಕೆಲಸದ ಮ್ಯಾಲ ಕೈ ಓಡತಿತ್ತೇನು? ಅದಕ್ಕ ಸುಮ್ನಿದ್ದೆ. ಇಲ್ಲೆ ತೂಬಿನ ಕೆಲಸ ಕಲೀತೀನಿ ಅಂತ ಒಬ್ರೂ ಮುಂದ ಬಂದಿಲ್ಲ. ಮುನ್ನೂರು ಮನಿ ಬಿಟ್ಟು ನಾ ಹೆಂಗ ಬರ್ಲಿ?"

ಆಕೆಯೇ ಮುಂದುವರಿಸಿದಳು: "ನನ್ನ ಹೆಸರಿಲೆ ಕೊಡ ಮಲಗಿಸಿ ಹೊಚ್ಚತೀರಿ, ಬಾಜೂಕ ಕೂಸು ಥಂಡ್ಯಾಗ ಐತಿ. ನನಗಿದು ಮಾನ ಏನ್ರಿ? ಮೊದಲ ಕಚೇರಿಗೆ ಹೋಗಿ ನನ್ನ ಹೆಸರು ಹೊಡದು ಬರ್ರಿ."

"ಹೆಸರು ಹೊಡದ್ರ ನೀ ಮತ್ತ ಬರಾಕ ಆಗಂಗಿಲ್ಲ, ಕಾಳೀ."

"ಗೊತ್ತಾತ್ರಿ," ಎಂದಳು. ದನಿ ಸಣ್ಣದಾಗಿತ್ತು. "ಗೊತ್ತಿದ್ದೇ ಹೇಳಾಕತ್ತೀನಿ."

ಮೊದಲು ಪಾನಿಂಗ್ವಾಳ ಹತ್ತಿರ ಹೋದೆ, ಯಾಕೆಂದರೆ ನನ್ನ ಸುಳ್ಳಿಗೆ ಆಕೆಯ ಹೊಣೆಮಾತು ಅಂಟಿಕೊಂಡಿತ್ತು. ನನ್ನ ಕಿವಿಯಲ್ಲೊಂದು ಕಿವಿಬೀಜವಿದೆ, ಇಲ್ಲಿಯವರ ಮಾತನ್ನು ಕನ್ನಡ ಮಾಡುವಂಥದು. ಅದಕ್ಕೆ ಪುಸ್ತಕದ ಕನ್ನಡ ಮಾತ್ರ ಬರುತ್ತದೆ. "ತಾವು ಹೇಳುವ ಮೊದಲೇ ನನಗೆ ತಿಳಿದಿತ್ತು. ಆ ಕೋಣೆಯಲ್ಲಿ ಯಾರೂ ಒಮ್ಮೆಯೂ ಕೆಮ್ಮಲಿಲ್ಲ," ಎಂದಳು.

"ಹಾಗಿದ್ದರೆ ನನ್ನನ್ನು ಯಾಕೆ ಕೇಳಲಿಲ್ಲ?"

"ಕೇಳಿದ್ದರೆ ತಾವು ಇನ್ನೊಂದು ಸುಳ್ಳು ಹೇಳಬೇಕಾಗುತ್ತಿತ್ತು." ಹೀಗೆಂದು ಬೂಟು ಹಾಕಿಕೊಂಡು ನನ್ನೊಂದಿಗೆ ಹೊರಟಳು.

ಕಚೇರಿಯಲ್ಲಿ ಯಾರೂ ಕೂಗಾಡಲಿಲ್ಲ. ಗುಮಾಸ್ತೆ ಪಟ್ಟಿಯನ್ನು ನನ್ನ ಕಡೆ ತಿರುಗಿಸಿ, ಬರೆದ ಕೈಯೇ ಹೊಡೆದುಹಾಕಬೇಕು ಎಂದಳು. ಕಾಳವ್ವ ಎಂಬ ಮೂರು ಅಕ್ಷರದ ಮೇಲೆ ಗೆರೆ ಎಳೆದೆ. ಇಡೀ ಊರಿನಲ್ಲಿ ಆ ಮೂರು ಅಕ್ಷರ ಓದಬಲ್ಲವನು ನಾನೊಬ್ಬನೇ. ತಪ್ಪಿಗೆ ಚಳಿಗಾಲ ಮುಗಿಯುವವರೆಗೆ ಭಾನುವಾರವೂ ಮಂಜು ಎತ್ತಬೇಕೆಂದು ವಿಧಿಸಿದರು. ಪಾನಿಂಗ್ವಾ ಇನ್ನು ಎರಡು ವರ್ಷ ಯಾರಿಗೂ ಹೊಣೆಮಾತು ಕೊಡುವಂತಿಲ್ಲ ಎಂದರು. ಅದರಿಂದ ನನಗೆ ಎಲ್ಲಕ್ಕಿಂತ ಹೆಚ್ಚು ನೋವಾಯಿತು. ಆಕೆ ಮಾತ್ರ ದಾರಿಯಲ್ಲಿ, ರಾತ್ರಿ ಊಟಕ್ಕೆ ಮೀನು ಸಾಕೇ ಎಂದು ಕೇಳಿದಳು. ನಾವು ಮನೆ ಮುಟ್ಟುವಷ್ಟರಲ್ಲಿ ಕಾಳವ್ವನ ಪಾಲಿನ ಬಿಸುಪು ಪಕ್ಕದ ಮನೆಗೆ ತಿರುಗಿತ್ತು. ಆವಿಯಾ ಬಾಗಿಲಲ್ಲಿ ನಿಂತು ಕೂಸಿನ ಪಾದವನ್ನು ಹೊದಿಕೆಯಿಂದ ಹೊರತೆಗೆದು ನನ್ನ ಅಂಗೈಯಲ್ಲಿಟ್ಟಳು. ಇನ್ನೂ ತಣ್ಣಗಿತ್ತು. ನಾನು ಹಿಡಿದುಕೊಂಡೇ ಇದ್ದೆ, ಬೆಚ್ಚಗಾಗುವವರೆಗೆ.

ಈಗ ಒಳಕೋಣೆಯ ಕಿಟಕಿಗೆ ಒಳಗಿನಿಂದಲೇ ಮಂಜು ಕಟ್ಟುತ್ತದೆ. ಶುಕ್ರವಾರ ನನಗೆ ಕೆಲಸವಿಲ್ಲ. ಮೊದಲೆರಡು ವಾರ ಸಲಿಕೆ ಹಿಡಿದು ಬಾಗಿಲವರೆಗೆ ಹೋಗಿ ವಾಪಸು ಬಂದೆ. ಆಮೇಲೆ ಆ ಅರ್ಧ ದಿನ ಕಾಳವ್ವನೊಂದಿಗೆ ಮಾತಾಡುವುದೆಂದು ಇಟ್ಟುಕೊಂಡೆ. ಮೊದಲೆಲ್ಲ ನಮ್ಮ ಮಾತು ಯಾವಾಗ ಬರುತ್ತೀ ಎಂಬುದರಲ್ಲೇ ಮುಗಿದುಹೋಗುತ್ತಿತ್ತು. ಈಗ ಅದನ್ನು ಕೇಳುವಂತಿಲ್ಲ. ಆದ್ದರಿಂದ ಆಕೆ ಕೆರೆಯ ಮಟ್ಟ ಹೇಳುತ್ತಾಳೆ, ನಾನು ಗೋಡೆ ಎಷ್ಟು ಎದ್ದಿತೆಂದು ಹೇಳುತ್ತೇನೆ. ಮದುವೆಯಾಗಿ ಹದಿನಾರು ವರ್ಷದಲ್ಲಿ ನಾವು ಇಷ್ಟು ಮಾತಾಡಿರಲಿಲ್ಲ. ಆದರೂ ಕರೆ ಮುಗಿದ ಮೇಲೆ ಮನೆ ಮೊದಲಿಗಿಂತ ಖಾಲಿಯಾಗಿ ಕಾಣುತ್ತದೆ. ಅದನ್ನು ನಿಮ್ಮಿಂದ ಮುಚ್ಚಿಡಲಾರೆ. ಇನ್ನೂ ನಾಲ್ಕು ವರ್ಷ ಆರು ತಿಂಗಳಿದೆ.

ನಿಮ್ಮಲ್ಲಿ ಒಂದು ಬೇಡಿಕೆ, ಅಜ್ಜಿ. ನೀವು ಕರೆಂಟು ಹಾಕಿಸಿದ ಕತೆ ನಮಗೆ ಮುಟ್ಟಿದೆ. ಆ ಮನೆಯಲ್ಲಿ ಯಾರ ದಾರಿ ಕಾಯುತ್ತಿದ್ದಿರಿ, ಅವರು ಬಂದರೋ ಇಲ್ಲವೋ ಎಂಬುದನ್ನು ಯಾರೂ ಹೇಳಿಲ್ಲ. ದಯವಿಟ್ಟು ಅದನ್ನೂ ಎಲ್ಲಾದರೂ ಬರೆದಿಡಿ. ಮುಂದೆ ದೂರದ ಊರಲ್ಲಿ ಕೂತ ಒಬ್ಬನಿಗೆ ಬೇಕಾಗುತ್ತದೆ.

ಇಲ್ಲಿಗೆ ನಿಲ್ಲಿಸುತ್ತೇನೆ. ಕಳೆದ ಶುಕ್ರವಾರ ಕರೆ ಮುಗಿಸುವ ಹೊತ್ತಿಗೆ ಕಾಳವ್ವ, ಮೊದಲ ಸಲ, ಈ ಊರಿನ ಬಗ್ಗೆ ತಾನಾಗಿ ಕೇಳಿದಳು: "ಅಲ್ಲೆ ಬಿಸಿನೀರು ಹಂಚಾಕ ತೂಬು ಎಷ್ಟದಾವ್ರಿ? ಯಾರು ತಿರುವತಾರ?" ನನಗೆ ಗೊತ್ತಿರಲಿಲ್ಲ. ನಾಳೆ ಕೆಲಸಕ್ಕೆ ರಜೆ ಹಾಕಿದ್ದೇನೆ. ಬೆಳಕು ಹರಿದ ಕೂಡಲೇ ಹೊರಟು, ಕೊಳವೆಯ ಗುಂಟ ಗುಡ್ಡದ ತುದಿಯವರೆಗೆ ನಡೆದು, ಒಂದೂ ಬಿಡದೆ ಎಣಿಸಿಕೊಂಡು ಬರುತ್ತೇನೆ.

ನಿಮ್ಮ
ಮೌನೇಶ