ಸತ್ತ ಊರಿನ ಒಪ್ಪಿಗೆ

ಕಾಲುವೆ ಶಕೆ ೪೧೨, ದೂಳಿನ ತಿಂಗಳು, ಮೂವತ್ತೇಳನೆಯ ದಿನ

ಹಿಂದಿನ ಕಾಲದ ಹಿರಿಯರಿಗೆ,

ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಜ್ವರದ ವರ್ಷ ಶಾಲೆ ಮುಚ್ಚಿತು, ನನ್ನ ಗಣಿತ ಅರ್ಧಕ್ಕೇ ನಿಂತಿತು. ತಪ್ಪು ಬರೆಯುತ್ತೇನೇನೋ ಎಂಬ ಹೆದರಿಕೆ ಬೇರೆ.

ನಮ್ಮ ಕಾಲುವೆಗೆ ಐದು ಊರು. ಪ್ರತಿ ಊರಿಗೂ ಒಂದು ಒಪ್ಪುಯಂತ್ರವಿದೆ. ನೀರು ಬಿಡುವ ಮುನ್ನ ಅವು ಒಂದನ್ನೊಂದು ಕೇಳಿಕೊಂಡು ಒಂದೇ ಮಾತಿಗೆ ಬರಬೇಕು. ಯಾವ ಊರೂ ಕದಿಯಬಾರದೆಂದು ನಿಮ್ಮವರೇ ಲೆಕ್ಕ ಹಾಕಿ ಸಾಧಿಸಿದ ಕ್ರಮವಿದು. ಒಂದು ಯಂತ್ರ ಉತ್ತರಿಸದಿದ್ದರೆ ಉಳಿದವು ಕಾಯುತ್ತವೆ, ಅಷ್ಟು ಹೊತ್ತು ಎಲ್ಲರ ತೂಬೂ ಮುಚ್ಚಿರುತ್ತದೆ. ಗಡುವು ಮೀರಿದರೆ ಆ ಊರು ಸತ್ತಿತೆಂದು ಎಣಿಸಿ, ಅದರ ತೂಬನ್ನು ಹಾಗೇ ಮುಚ್ಚಿಟ್ಟು ಮುಂದೆ ಹೋಗುತ್ತವೆ. ನೀರು ಬಿಡುವ ದಿನ ನಾವು ಆ ಲೆಕ್ಕದ ಸಾಲುಗಳನ್ನು ಕಟ್ಟೆಯ ಮೇಲೆ ನಿಂತು ಹಾಡುತ್ತೇವೆ. ಮೊದಲ ಸಾಲನ್ನು ಮಾತ್ರ ಹಾಡುವುದಿಲ್ಲ: 'ಸುದ್ದಿ ಇಷ್ಟರೊಳಗೆ ತಲುಪುತ್ತದೆ ಎಂದುಕೊಳ್ಳೋಣ.' ಅನುಮಾನದ ಮಾತಿನಿಂದ ಶುರುಮಾಡುವುದು ಅಶುಭವಂತೆ. ನಾನು ಶಾಲೆಯಲ್ಲಿ ಕಲಿತದ್ದು ಆ ಸಾಲಿನವರೆಗೆ ಮಾತ್ರ. ಅದಕ್ಕೇ ಏನೋ, ತಲೆಯಲ್ಲಿ ಅದೇ ಕೊರೆಯುತ್ತದೆ.

ಕೊನೆಯ ಊರು ಮುಳ್ಳಗಟ್ಟಿ. ನನ್ನ ಅಕ್ಕ ದುಂಡವ್ವ ಇರುವುದು ಅಲ್ಲಿ. ದೂಳು ಎದ್ದಾಗಿನಿಂದ ಅಲ್ಲಿಯ ಯಂತ್ರ ಮಾತಾಡಿರಲಿಲ್ಲ. ಇವತ್ತು ಎಲ್ಲರೂ ಕೊಡ ಹಿಡಿದು ಕಟ್ಟೆಯ ಮೇಲೆ ನಿಂತಿದ್ದೆವು. ಪಕ್ಕದ ಮನೆಯ ಚನ್ನಬಸವ್ವ ನನ್ನನ್ನು ನಗಿಸಲು ನೋಡಿದಳು. 'ನಿಮ್ಮಕ್ಕ ತನ್ನ ಮದುವ್ಯಾಗ ಅಕ್ಕಿಕಾಳಿಗೇ ತಡಾ ಮಾಡಿ ಬಂದಾಕಿ. ಬರ್ತಾಳ ಬಿಡ!' ಕಟ್ಟೆ ನೋಡಿಕೊಳ್ಳುವ ಅಡಿವೆಪ್ಪ ಮಾಸ್ತರರ ಹತ್ತಿರ, ಗಡುವು ಇನ್ನಷ್ಟು ಹೆಚ್ಚಿಸಿರೆಂದು ಬೇಡಿಕೊಂಡೆ. ಅವರು ಗದರಲಿಲ್ಲ. 'ಸತ್ತದ್ದೂ ತಡಾ ಆದದ್ದೂ ಇಲ್ಲಿಂದ ಒಂದ ಥರಾ ಕಾಣ್ತಾವ, ತಂಗಿ. ಎಷ್ಟಂತ ಕಾಯೂಣು? ಈ ಕೂಸುಗಳ ಬಾಯಿ ನೋಡು.' ನೋಡಿದೆ. ತುಟಿಗಳು ಒಡೆದಿದ್ದವು. ಕೊಡ ಹಿಡಿದು ತೂಬಿನ ಹತ್ತಿರ ನಡೆದೆ.

ಗಡುವು ಮುಗಿಯಿತು, ನಮ್ಮ ತೂಬು ತೆರೆಯಿತು. ನನ್ನ ಕೊಡ ಅರ್ಧ ತುಂಬುವಷ್ಟರಲ್ಲಿ ಯಂತ್ರದ ಫಲಕದ ಮೇಲೆ ಅಕ್ಷರ ಮೂಡಿತು: 'ಮುಳ್ಳಗಟ್ಟಿ. ಇದ್ದೇವೆ. ಒಪ್ಪಿಗೆ.' ಯಂತ್ರ ಅದನ್ನು ಒರೆಸಿಹಾಕಿತು. ಸತ್ತವರ ಒಪ್ಪಿಗೆ ಅದರ ಲೆಕ್ಕಕ್ಕಿಲ್ಲ. ಮತ್ತೆ ಬಂತು, ಮತ್ತೆ ಒರೆಸಿತು. ಅವರ ತೂಬನ್ನು ಕೈಯಿಂದಲೇ ಎತ್ತೋಣವೆಂದರೆ, ಜನರ ಕೈ ನಂಬಬಾರದೆಂದು ನಿಮ್ಮವರು ತೂಬಿಗೆ ತಿರುಗಿಸುವ ಚಕ್ರವನ್ನೇ ಇಟ್ಟಿಲ್ಲ.

ನಿಮ್ಮ ಲೆಕ್ಕ ತಪ್ಪೆಂದು ಹೇಳುವಷ್ಟು ನಾನು ಓದಿಲ್ಲ. ಆದರೆ ಈ ಕಾಗದ ತಲುಪುವ ನಿಮ್ಮ ಕಾಲದಲ್ಲಿ ನೀವು ಆ ಲೆಕ್ಕವನ್ನು ಇನ್ನೂ ಬರೆಯುತ್ತಿದ್ದೀರಿ, ನಿಮಗಿನ್ನೂ ಸಮಯವಿದೆ. ಸತ್ತರೆಂದು ಎಣಿಸಿದವರು ಮಾತಾಡಿದರೆ ಯಂತ್ರ ಏನು ಮಾಡಬೇಕು, ಅದನ್ನೂ ಬರೆಯಿರಿ. ಆಗದಿದ್ದರೆ ತೂಬಿಗೊಂದು ಚಕ್ರವನ್ನಾದರೂ ಇಡಿ. ಇದನ್ನು ಬರೆಯುವಾಗಲೂ ಫಲಕದ ಮೇಲೆ ಅಕ್ಷರ ಬರುತ್ತಲೇ ಇದೆ. ಮೊದಲಿನಷ್ಟು ಬೇಗಬೇಗ ಬರುತ್ತಿಲ್ಲ.

ಹೊಳೆವ್ವ
ಎರಡನೆಯ ಊರಿನ ಕಟ್ಟೆಯಿಂದ