ಚುಕ್ಕಿ ಮತ್ತು ಕೆಂಪು ಉಗುರು

ಹದಿನಾಲ್ಕು, ಗುರುವಾರ

ಚುಕ್ಕಿ ತಿಂದಳು. ತಿಂದೇಬಿಟ್ಟಳು.

ನಾಯಿ ಬಾಯಿಂದ ಬಿಡಿಸಿ ತಂದ ದಿನದಿಂದ ನಮ್ಮ ಕೋಳಿ ಚುಕ್ಕಿ ಬಚ್ಚಲುಮನೆಯ ರಟ್ಟಿನ ಪೆಟ್ಟಿಗೆಯಲ್ಲಿ ಕಣ್ಣು ಮುಚ್ಚಿ ಕೂತಿದ್ದಳು. ಗಾಯ ಒಣಗುತ್ತಾ ಬಂದರೂ ಮೂರು ದಿನ ಒಂದು ಕಾಳು ಮುಟ್ಟಲಿಲ್ಲ. “ಇವತ್ತೂ ತಿನ್ನದಿದ್ರೆ ಆಸೆ ಬಿಟ್ಬಿಡಿ ಮೇಷ್ಟ್ರೇ,” ಎಂದಿದ್ದರು ದನದ ಡಾಕ್ಟರು.

ಸಂಜೆ ಕಾಲು ತೊಳೆಯಲು ಬಚ್ಚಲಿಗೆ ಹೋದ ನಾದಿನಿ ಕಿಟಾರನೆ ಕಿರುಚಿದಳು. ಕೆಂಪು ಬಣ್ಣ ಹಚ್ಚಿದ ಅವಳ ಕಾಲಿನ ಉಗುರನ್ನು ಚುಕ್ಕಿ ಕುಕ್ಕಿದ್ದಳು. ನೋವಾಯಿತೇ ಎಂದು ಕೇಳುವುದು ಬಿಟ್ಟು ನಾನು, “ಆ ಬಣ್ಣದ ಬಾಟ್ಲಿ ಎಲ್ಲಿ?” ಎಂದೆ.

ನನ್ನ ತೋರುಬೆರಳಿಗೆ ಹಚ್ಚಿಸಿಕೊಂಡೆ. ಒಣಗಿದ ಮೇಲೆ ನೆನೆಸಿದ ನುಚ್ಚಿನಲ್ಲಿ ಬೆರಳಾಡಿಸಿದೆ. ಉಗುರಿಗೆ ಒಂದು ಕುಕ್ಕು, ನುಚ್ಚಿಗೆ ಒಂದು. ನೋಡನೋಡುತ್ತಲೇ ಬಟ್ಟಲು ಖಾಲಿ.

ಹೆಂಡತಿ ಬಾಗಿಲಲ್ಲಿ ನಿಂತು ನಗುತ್ತಿದ್ದಳು. “ನಾಳೆ ಸ್ಕೂಲಲ್ಲಿ ಇದೇ ಬೆರಳಲ್ಲಿ ಬೋರ್ಡ್ ತೋರಿಸ್ತೀರಾ?”

ತೋರಿಸುತ್ತೇನೆ. ಒರೆಸಿದರೆ ಚುಕ್ಕಿಯ ಬೆಳಗಿನ ತಿಂಡಿಗೆ ಏನು ಮಾಡಲಿ? ಹತ್ತನೇ ಕ್ಲಾಸಿನವರು ನಕ್ಕರೆ ನಗಲಿ. ಇಷ್ಟು ವರ್ಷದಲ್ಲಿ ಮೊದಲ ಸಲ, ನಾನು ಬೆರಳು ತೋರಿಸಿದ ಕಡೆ ಎಲ್ಲರೂ ನೋಡುತ್ತಾರೆ.