ಗ್ರಹಣಕ್ಕೆ ಮೊದಲು, ಗ್ರಹಣದ ನಂತರ

೧೬-೯-೯೫, ಶನಿವಾರ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲೆ ಆಕಳಿಕೆ ನುಂಗುತ್ತಿರುವ ಗಣ್ಯರೇ, ಹಿಂದಿನ ಸಾಲಿನಲ್ಲಿ ಕಾಲಿನಿಂದಲೇ ಚಪ್ಪಲಿ ಹುಡುಕುತ್ತಿರುವ ಸಭಿಕರೇ— ಬಿ.ಎಡ್. ಕಾಲೇಜಿನ ಈ ಬಡ ಲೆಕ್ಚರರ್ ಇಂದು ಮೂವತ್ತೊಂದನೇ ಸಂದರ್ಶನ ಮುಗಿಸಿದ್ದಾನೆ. ಚಪ್ಪಾಳೆ ಬೇಡ. ಹೆಂಡತಿ ಶಾಮಲಾಗೆ ತಲೆನೋವಿದೆ.

ಭೂಮಿ, ಸೂರ್ಯ, ಚಂದ್ರ— ಇವನ್ನು ಮಕ್ಕಳು ಹೇಗೆ ಅರ್ಥ ಮಾಡಿಕೊಳ್ಳುತ್ತಾರೆ? ಆರು ವರ್ಷದಿಂದ ಇದೇ ಪಿಎಚ್.ಡಿ. ಭದ್ರಾವತಿಯ ನಲವತ್ತು ಮಕ್ಕಳು. ಅಕ್ಟೋಬರ್ ೨೪ಕ್ಕೆ ಸೂರ್ಯಗ್ರಹಣ. ಗ್ರಹಣಕ್ಕೆ ಮೊದಲೊಮ್ಮೆ ಪ್ರಶ್ನೆ, ನಂತರ ಮತ್ತೆ ಅದೇ ಪ್ರಶ್ನೆ. ನಡುವೆ ನಾನು ಏನೂ ಕಲಿಸಕೂಡದು, ತಿದ್ದಕೂಡದು. ಸೂರ್ಯ ತಾನಾಗಿ ಎಷ್ಟು ಕಲಿಸಿದ ಅಂತ ನೋಡುವುದು.

ಇವತ್ತಿನವನು ಸಿದ್ದು, ಐದನೇ ಕ್ಲಾಸು. ಭೂಮಿ ಗುಂಡಗಿದೆ ಎಂದ. ನಾವೆಲ್ಲಿದ್ದೇವೆ ಎಂದೆ. “ಒಳಗೆ ಸರ್. ಹೊರಗಿದ್ರೆ ಬಿದ್ದೋಗ್ತಿರ್ಲಿಲ್ವಾ?” ಮುತ್ತಿನಂಥ ತಪ್ಪು.

ಸರಿ ಹೇಳಿದವರಿಗೆ ಶಾಲೆಯಲ್ಲಿ ಅಂಕ,
ತಪ್ಪು ಹೇಳಿದವರಿಂದ ನನಗೆ ಬಿಂಕ.

೨೩-೯-೯೫, ಶನಿವಾರ

ಭದ್ರಾವತಿಯ ಜನ್ನಾಪುರ. ಮೂವತ್ತೆಂಟನೆಯವಳು ರಂಜಿನಿ. ಏಳನೇ ಕ್ಲಾಸು, ಎರಡು ಜಡೆ, ಬಾಯಿ ಮುಚ್ಚುವ ಅಭ್ಯಾಸವಿಲ್ಲ. ಅಪ್ಪ ಹಾಲೇಶ್, ಉಕ್ಕಿನ ಕಾರ್ಖಾನೆಯಲ್ಲಿ ವೆಲ್ಡರ್. ಅವರ ಮನೆ ಜಗುಲಿಯಲ್ಲೇ ಕೂತೆವು. ಅಜ್ಜಿ ಚಿನ್ನಮ್ಮ ಕಂಬಕ್ಕೊರಗಿ ನಮ್ಮಿಬ್ಬರನ್ನೂ ಕಾಯುತ್ತಿದ್ದರು.

ಗ್ರಹಣದ ದಿನ ಸೂರ್ಯ ಏನಾಗ್ತಾನೆ ಅಂತ ಕೇಳಿದೆ.

“ಅಪ್ಪನ ಫ್ಯಾಕ್ಟ್ರೀಲಿ ಫರ್ನೇಸ್ ಬಾಗಿಲು ಹಾಕಿದ್ರೆ ಎದುರಿಗೇ ನಿಂತ್ಕೋಬೋದಂತೆ ಸರ್, ಝಳ ಹೊಡಿಯಲ್ವಂತೆ. ಹಂಗೇ ಚಂದ್ರ ಅಡ್ಡ ಬಂದ್ರೆ ಸೂರ್ಯನೂ ತಣ್ಣಗಾಗ್ತಾನೆ. ಆವಾಗ ಬರಿಗಣ್ಣಲ್ಲೇ ನೋಡ್ಬೋದು.”

ಅಜ್ಜಿ ರೇಗಿದರು. “ಗ್ರಹಣ ನೋಡ್ತಾಳಂತೆ! ಬಾಯಿ ಮುಚ್ಚೇ ಮಾರಾಯ್ತಿ.”

“ನಿಂಗೇನ್ ಗೊತ್ತಜ್ಜಿ, ಇದು ಸೈನ್ಸು.”

ನಗು ತಡೆಯಲಾಗಲಿಲ್ಲ. ಇಂಥ ಉತ್ತರ ಇಷ್ಟು ದಿನದಲ್ಲಿ ಸಿಕ್ಕಿರಲಿಲ್ಲ. ಸ್ವಂತ ತರ್ಕ, ಸ್ವಂತ ಉದಾಹರಣೆ. ಒಂದಕ್ಷರ ಬಿಡದೆ ಬರೆದುಕೊಂಡೆ. “ಸರಿನಾ ಸರ್?” ಎಂದಳು. ನಿಯಮದ ಪ್ರಕಾರ, “ಸರಿ-ತಪ್ಪು ಅಂತೇನಿಲ್ಲಮ್ಮ, ನಿನಗನ್ನಿಸಿದ್ದು ಹೇಳು” ಎಂದೆ.

೧೪-೧೦-೯೫, ಶನಿವಾರ

ಗೈಡ್ ಪ್ರೊ. ಷಣ್ಮುಖಪ್ಪನವರ ಮನೆ. ನಲವತ್ತೂ ಹಾಳೆ ತಿರುವಿದರು. ರಂಜಿನಿಯದನ್ನು ಎರಡು ಸಲ ಓದಿದರು.

“ರೀ, ಇದು ಚಿನ್ನ ಕಣ್ರೀ. ನವೆಂಬರಲ್ಲಿ ಈ ಹುಡುಗಿ ಏನು ಹೇಳ್ತಾಳೆ ಅನ್ನೋದ್ರ ಮೇಲೆ ಒಂದು ಚಾಪ್ಟರೇ ನಿಲ್ಲುತ್ತೆ. ಅಲ್ಲೀತನಕ ಬಾಯಿ ಬಿಡ್ಬೇಡಿ. ಮೇಷ್ಟ್ರ ಬಾಯಿ ನಿಮ್ದು, ತುರಿಸ್ತಾ ಇರುತ್ತೆ.”

ನಲವತ್ತೈದು ವರ್ಷ. ಜೊತೆಯವರೆಲ್ಲ ಡಾಕ್ಟರು. ಕನ್ನಡ ಮೀಡಿಯಮ್ಮಿನವನು ಇಂಗ್ಲಿಷಿನಲ್ಲಿ ಥೀಸಿಸ್ ಬರೀತಾನಾ ಅಂತ ಸ್ಟಾಫ್ ರೂಮಿನಲ್ಲಿ ಕೇಳಿದವರಿದ್ದಾರೆ. ಇನ್ನೊಂದು ವರ್ಷ. ಅಷ್ಟೇ.

೨೧-೧೦-೯೫, ಶನಿವಾರ

ನಮ್ಮ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಪಟಾಕಿ, ಹೂವು, ನೂಕುನುಗ್ಗಲು. ಹಬ್ಬಕ್ಕೂ ಗ್ರಹಣಕ್ಕೂ ಒಂದೇ ವಾರ ಸಿಕ್ಕಿದ್ದು. ರೇಡಿಯೋದವರು ಗಂಟೆಗೊಮ್ಮೆ ಹೇಳುತ್ತಿದ್ದಾರೆ— ಬರಿಗಣ್ಣಲ್ಲಿ ನೋಡಬೇಡಿ. ಪೇಪರಿನಲ್ಲೂ ಬಂದಿದೆ. ಊರೇ ಹೇಳುತ್ತಿರುವಾಗ ನಾನೊಬ್ಬ ಹೇಳಿದರೇನು, ಬಿಟ್ಟರೇನು...

ನಾಳೆ ಭದ್ರಾವತಿಯಲ್ಲಿ ಸ್ವಲ್ಪ ಕೆಲಸ.

೨೪-೧೦-೯೫, ಮಂಗಳವಾರ, ಬೆಳಿಗ್ಗೆ ಹತ್ತೂವರೆ

ಮುಗಿಯಿತು. ವಿದ್ಯಾನಗರದ ಬೀದಿಯಲ್ಲಿ ನರಪಿಳ್ಳೆ ಇಲ್ಲ. ಗ್ರಹಣಕ್ಕೆ ಹೆದರಿ ಒಳಗೆ ಕೂತವರು ಅರ್ಧ, ಅದನ್ನೇ ಟಿವಿಯಲ್ಲಿ ನೋಡಿದವರು ಅರ್ಧ. ನಾನು ರಟ್ಟಿಗೆ ತೂತು ಮಾಡಿ ಗೋಡೆ ಮೇಲೆ ನೋಡಿದೆ. ಎದುರಿನ ಹೊಂಗೆ ಮರದ ಕೆಳಗೆ, ನೆಲದ ತುಂಬ ಪುಟ್ಟ ಪುಟ್ಟ ಬೆಳಕಿನ ಕುಡುಗೋಲು. ಶಾಮಲಾ ಸ್ನಾನ ಆಗುವವರೆಗೆ ಕಾಫಿ ಇಲ್ಲ ಎಂದಳು.

ಯಾಕೋ ಸಮಾಧಾನವಿಲ್ಲ.

೧೮-೧೧-೯೫, ಶನಿವಾರ

ಜನ್ನಾಪುರಕ್ಕೆ ಹೋಗಿದ್ದೆ, ಎರಡನೇ ಸುತ್ತಿಗೆ. ರಂಜಿನಿ ಜಗುಲಿಯಲ್ಲೇ ಇದ್ದಳು. ನನ್ನ ಮುಖ ನೋಡಲು ಕತ್ತು ಓರೆ ಮಾಡಿದಳು, ಕೋಳಿಯ ಹಾಗೆ.

“ನೋಡಿದ ಕಡೆನೇ ಕಾಣಲ್ಲ ಸರ್. ಪಕ್ಕದ್ದು ಕಾಣುತ್ತೆ. ನಿಮ್ ಕಿವಿ ಕಾಣುತ್ತೆ, ಮೂಗಿಲ್ಲ.”

ತಾನೇ ನಕ್ಕಳು. ಹಾಲೇಶ್ ನಗಲಿಲ್ಲ.

“ಫ್ಯಾಕ್ಟ್ರಿಯಿಂದ ವೆಲ್ಡಿಂಗ್ ಗ್ಲಾಸ್ ತಂದಿಟ್ಟಿದ್ದೆ ಸರ್. ಫಸ್ಟ್ ಶಿಫ್ಟು, ನಾನು ಮನೇಲಿರ್ಲಿಲ್ಲ. ಅದನ್ನ ಚಿಕ್ಕಪ್ಪನ ಮಗಳಿಗೆ ಕೊಟ್ಟು ಇವ್ಳು ಬರಿಗಣ್ಣಲ್ಲಿ ನೋಡಿದಾಳೆ. ಹತ್ತು ನಿಮಿಷ! ನನ್ ಮಾತೂ ಕೇಳ್ಲಿಲ್ಲ, ರೇಡಿಯೋ ಮಾತೂ ಕೇಳ್ಲಿಲ್ಲ.”

“ಅಜ್ಜಿ ಮಾತು ಕೇಳಿದ್ಳಾ?” ಒಳಗಿನಿಂದ ಚಿನ್ನಮ್ಮ. “ಕಿಟಕಿ ಎಲ್ಲ ಹಾಕಿದ್ದೆ. ಹಿತ್ತಲ ಬಾಗಿಲಿಂದ ಓಡಿದ್ಳು.”

ಪ್ರಶ್ನೆಯ ಹಾಳೆ ಚೀಲದಿಂದ ತೆಗೆಯಲಿಲ್ಲ. ಹೊರಡುವಾಗ ಗೇಟಿನ ತನಕ ಬಂದವಳು ಮೆಲ್ಲಗೆ ಕೇಳಿದಳು— “ತಪ್ಪಾಗಿತ್ತಾ ಸರ್ ಅದು? ನೀವು ಅಷ್ಟೊಂದು ಖುಷಿಯಾಗಿ ಬರ್ಕೊಂಡ್ರಲ್ಲ, ಸರಿ ಅಂದ್ಕೊಂಡೆ.”

೨೦-೧೧-೯೫, ಸೋಮವಾರ

ಗೈಡಿಗೆ ಹೇಳಿದೆ. ಕನ್ನಡಕ ತೆಗೆದು ಒರೆಸಿದರು. ಬಹಳ ಹೊತ್ತು ಒರೆಸಿದರು.

“ಅಯ್ಯೋ ಪಾಪ” ಎಂದರು. ಆಮೇಲೆ, “ಒಬ್ಬಳನ್ನ ಕೈಬಿಡಿ. ಮೂವತ್ತೊಂಬತ್ತಕ್ಕೂ ನಡೆಯುತ್ತೆ. ನೀವೇನು ಮಾಡೋಕಾಗ್ತಿತ್ತು ಹೇಳಿ? ನಿಮಗೆ ಆಗ ಹೊಳೀಲಿಲ್ಲ.”

“ಹೌದು ಸರ್, ಹೊಳೀಲಿಲ್ಲ” ಎಂದೆ.

೯-೧೨-೯೫, ಶನಿವಾರ

ರಂಜಿನಿಯನ್ನು ಇಲ್ಲೇ ಶಿವಮೊಗ್ಗದಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸಿದರು. ನಾನೂ ಹೋದೆ. ಗೋಡೆಯ ಮೇಲಿನ ಅಕ್ಷರ ಓದಿಸಿದರು. ದೊಡ್ಡದು ಒಂದೇ. ಮಿಕ್ಕಿದ್ದನ್ನೆಲ್ಲ ಅವಳು ಊಹಿಸಿ ಹೇಳುತ್ತಿದ್ದಳು— ತಪ್ಪಾದರೂ ಧೈರ್ಯವಾಗಿ. ಡಾಕ್ಟರು ಅವಳನ್ನು ಹೊರಗೆ ಕಳಿಸಿದರು. ಕಣ್ಣಿನ ಹಿಂಭಾಗದ ಪರದೆ, ನಟ್ಟನಡುವೆಯೇ ಸುಟ್ಟಿದೆಯಂತೆ. ಎರಡೂ ಕಣ್ಣು. ಸ್ವಲ್ಪ ಸುಧಾರಿಸಬಹುದು. ಪುಸ್ತಕ ಓದುವುದು ಕಷ್ಟ.

ಬಸ್ ಸ್ಟ್ಯಾಂಡಿನಲ್ಲಿ ಹಾಲೇಶ್ ನನ್ನ ಕೈ ಹಿಡಿದುಕೊಂಡರು. “ಎಷ್ಟು ಹೊಡ್ದೆ ಗೊತ್ತಾ ಸರ್ ಅವತ್ತು, ಮಾತು ಕೇಳ್ಲಿಲ್ಲ ಅಂತ. ಕಣ್ಣು ಹೋಗಿರೋ ಮಗೂನ. ಈಗ ಕೈ ಕಡಿದ್ಕೋಬೇಕು ಅನ್ಸುತ್ತೆ. ನಿಮ್ಮಂಥವರು ಜೊತೇಲಿದ್ದೀರಲ್ಲ, ಅದೇ ದೊಡ್ಡದು.”

ನಾನು ಕೈ ಬಿಡಿಸಿಕೊಳ್ಳಲಿಲ್ಲ.

೧೦-೧೨-೯೫, ಭಾನುವಾರ, ಬೆಳಿಗ್ಗೆ

ಮಾನ್ಯ ಅಧ್ಯಕ್ಷರೇ, ಗಣ್ಯರೇ, ಸಂಶೋಧಕನು ಎದುರಿಸಿದ ಮಿತಿಗಳೇನೆಂದರೆ—

ಯಾವ ಅಧ್ಯಕ್ಷ. ಯಾವ ಗಣ್ಯ. ಇಲ್ಲಿ ಯಾರೂ ಇಲ್ಲ.

ಹೊಳೆದಿತ್ತು. ಅವಳು ಹೇಳಿದ ಕ್ಷಣವೇ ಹೊಳೆದಿತ್ತು. ಆ ಹಾಳೆಯ ಅಂಚಿನಲ್ಲಿ ‘ಕಣ್ಣು— ಹೇಳಬೇಕೇ?’ ಅಂತ ಪೆನ್ಸಿಲಿನಲ್ಲಿ ಬರೆದು, ಗೈಡಿಗೆ ತೋರಿಸುವ ಮುಂಚೆ ಅಳಿಸಿದ್ದೆ. ಅಕ್ಟೋಬರ್ ಇಪ್ಪತ್ತೆರಡಕ್ಕೆ ಭದ್ರಾವತಿಯಲ್ಲಿ ಬೇರೆ ಯಾವ ಕೆಲಸವೂ ಇರಲಿಲ್ಲ. ಅವಳಿಗೆ ಹೇಳುವುದಕ್ಕೆ ಅಂತಲೇ ಹೋಗಿದ್ದು. ಜನ್ನಾಪುರದಲ್ಲಿ ಇಳಿದೆ. ಅವರ ಬೀದಿಯ ತಿರುವಿನ ತನಕ ನಡೆದೆ. ಜಗುಲಿ ಕಾಣುತ್ತಿತ್ತು. ಜಡೆ ಹಾಕಿಸಿಕೊಳ್ಳುತ್ತ ಕೂತಿದ್ದಳು. ಹೇಳಿಬಿಟ್ಟರೆ ನವೆಂಬರಿನ ಉತ್ತರ ಕೆಡುತ್ತೆ, ಚಾಪ್ಟರ್ ಹೋಗುತ್ತೆ ಅಂತ... ಅವಳು ನನ್ನನ್ನು ನೋಡುವ ಮೊದಲೇ ತಿರುಗಿ ಬಂದೆ.

ವಾಪಸ್ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಕೂತೆ. ಕೂತು ಆ ಚಾಪ್ಟರಿಗೆ ಹೆಸರು ಯೋಚಿಸಿದೆ.